ಅವ್ವನ ಕಾಗದಕ್ಕೆ ನಿನ್ನ ಸಹಿ

ಪ್ರಿಯ ಶಂಕ್ರ,

ಫೋನಿನಲ್ಲಿ ಹೇಳೋಕೆ ಹೋದರೆ ಗಂಟಲು ಕಟ್ಟುತ್ತೆ, ಅದಕ್ಕೇ ಬರೀತಿದ್ದೀನಿ. ನಾಲ್ಕು ಜನ ಓದಲಿ ಅಂತಲೂ ಇದೆ. ವಯಸ್ಸಾದವರಿರೋ ಎಷ್ಟೋ ಮನೆಗಳಲ್ಲಿ ಕೊನೆಗಾಲಕ್ಕೆ ಎಂಥ ಚಿಕಿತ್ಸೆ ಬೇಕು, ಎಂಥದ್ದು ಬೇಡ ಅನ್ನೋ ಮಾತನ್ನು ಯಾರೂ ಎತ್ತೋದೇ ಇಲ್ಲ.

ಅವ್ವನಿಗೀಗ 82. ನಮ್ಮ ದಾವಣಗೆರೆಯ ನಿವೃತ್ತ ಶಿಕ್ಷಕಿ ಎಚ್.ಬಿ. ಕರಿಬಸಮ್ಮ ಘನತೆಯಿಂದ ಸಾಯುವ ಹಕ್ಕಿಗಾಗಿ ವರ್ಷಗಟ್ಟಲೆ ಹೋರಾಡಿದ್ದನ್ನು ಪೇಪರಿನಲ್ಲಿ ಓದಿದವಳೇ, ಕ್ಯಾಲೆಂಡರ್ ಹಾಳೆಯ ಹಿಂದೆ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದಾಳೆ: 'ಗುರುತು ಹತ್ತೋತನಕ, ಕೈಯಾರೆ ಉಣ್ಣೋತನಕ ಏನು ಬೇಕಾದರೂ ಮಾಡಿಸ್ರಿ. ಆಮೇಲೆ ಗಂಟಲಿಗೆ ನಳಿಗೆ ಬ್ಯಾಡ. ನೋವು ತಡೆಯೋ ಔಷಧ ಕೊಡ್ರಿ. ಮನೀಗೆ ಕರ್ಕೊಂಡು ಬರ್ರಿ.' ಕೊನೆಯ ಸಾಲಿನ ಕೆಳಗೆ ಎರಡು ಗೆರೆ.

ಇದು ಸಾಯಿಸೋ ಇಂಜೆಕ್ಷನ್ ಕೇಳೋದಲ್ಲ, ಅದಕ್ಕೆ ನಮ್ಮ ದೇಶದಲ್ಲಿ ಅನುಮತಿಯೂ ಇಲ್ಲ. ಗುಣವಾಗೋ ಆಸೆ ಮುಗಿದ ಮೇಲೆ ಯಂತ್ರ ಹಚ್ಚಿ ಉಸಿರು ಎಳೆಸಬೇಡಿ ಅಂತ ಮೊದಲೇ ಬರೆದಿಡೋ ಕಾಗದ, ಲಿವಿಂಗ್ ವಿಲ್. 2018ರಲ್ಲೇ ಸುಪ್ರೀಂ ಕೋರ್ಟ್ ಒಪ್ಪಿತ್ತು. ಆಗ ಮ್ಯಾಜಿಸ್ಟ್ರೇಟರ ಸಹಿ ಬೇಕಿತ್ತು, ಮುದುಕರನ್ನು ಕರ್ಕೊಂಡು ಯಾರು ಅಲೆದಾರು? 2023ರಲ್ಲಿ ನೋಟರಿ ಇಲ್ಲವೇ ಗೆಜೆಟೆಡ್ ಅಧಿಕಾರಿ ಸಾಕು ಅಂತಾಯಿತು. 2025ರ ಜನವರಿಯಲ್ಲಿ ಇದರ ಬಗ್ಗೆ ನಮ್ಮ ರಾಜ್ಯ ಸರ್ಕಾರದ ಸುತ್ತೋಲೆಯೂ ಬಂತು. ಯಂತ್ರ ನಿಲ್ಲಿಸೋ ಮುಂಚೆ ಮೂರು ಮೂರು ವೈದ್ಯರ ಎರಡು ಮಂಡಳಿಗಳು ರೋಗಿಯನ್ನು ನೋಡಿ ಒಪ್ಪಬೇಕು. ಆಸ್ತಿಗೆ ಕಣ್ಣು ಹಾಕಿದ ಮಕ್ಕಳು ಮುಗಿಸಿಬಿಟ್ಟಾರು ಅನ್ನೋ ಭಯಕ್ಕೆ ಅದು ಒಳ್ಳೆ ಬೇಲಿ.

ಅವ್ವನಿಗೆ ಮಾತಾಡಲು ಆಗದ ದಿನ ಅವಳ ಪರವಾಗಿ ಹೇಳೋರ ಹೆಸರನ್ನು ಆ ಕಾಗದದಲ್ಲಿ ಬರೀಬೇಕು. ಅಣ್ಣನನ್ನು ಬಿಟ್ಟು ನನ್ನ ಹೆಸರು ಹೇಳಿದಳು. "ಅವನು ಅಳಕೋತ ಕೂಡ್ತಾನ. ನೀನು ಹೇಳಿದ್ದು ಮಾಡ್ತಿ."

ಶಂಕ್ರ, ಮಾಡ್ತೀನಾ? ಡಾಕ್ಟರು ನನ್ನ ಮುಖ ನೋಡಿದಾಗ 'ಇನ್ನೊಂದು ದಿನ ನೋಡೋಣ ಸರ್' ಅಂತಲೇ ಬಾಯಿಂದ ಬರುತ್ತೆ ಅನ್ನಿಸ್ತಿದೆ. ಆ ಒಂದು ದಿನವನ್ನು ನನಗೋಸ್ಕರ ಬೇಡ್ತಿರ್ತೀನಿ. ಅವಳು ಹೊರಡೋಕೆ ಸಿದ್ಧಳಿದ್ದಾಳೆ, ಕಳಿಸಿಕೊಡೋಕೆ ನನಗೆ ಧೈರ್ಯ ಇಲ್ಲ. ರಾತ್ರಿ ಎದ್ದು ಅವಳ ಉಸಿರು ಕೇಳಿಸ್ಕೊಂಡು ಮಲಗ್ತೀನಿ. ಹೆಂಡತಿಗೂ ಹೇಳಿರಲಿಲ್ಲ ಇದನ್ನ.

ಸಾಕು ಬಿಡು. ಕಾಗದಕ್ಕೆ ಇಬ್ಬರು ಸಾಕ್ಷಿ ಬೇಕು, ಒಂದು ಜಾಗ ನಿನಗೆ ಅಂತ ಅವ್ವನೇ ಹೇಳಿದ್ದಾಳೆ. ಶ್ರಾವಣ ಕಳೆಯೋದರೊಳಗೆ ಬಾ, ಮಂಡಕ್ಕಿ ಮಿರ್ಚಿ ನನ್ನ ಲೆಕ್ಕ. ಮೂರನೇ ಬೆಂಚಿನ ಸುದ್ದಿ ಮಾತ್ರ ನೋಟರಿ ಮುಂದೆ ತೆಗೀಬೇಡ ದೋಸ್ತ. ಅವ್ವ ನಗೋಕೆ ಶುರು ಮಾಡಿದರೆ ಆವತ್ತು ಸಹಿ ಆಗೋದಿಲ್ಲ.

ನಿನ್ನ,
ಬಸು