ಗಾಜಿನ ಚೂರನ್ನು ಕಸಕ್ಕೆ ಎಸೆಯಬೇಡಿ

ಮಾನ್ಯರೇ,

ಗಾಜು ತುಟ್ಟಿಯಾಯಿತೆಂದು ಮನೆ ಕಟ್ಟುವವರು ಅಂಗಡಿಯವರ ಮೇಲೆ ಸಿಟ್ಟಾಗುತ್ತಾರೆ. ದರದ ಬೇರು ಇರುವುದು ಗಾಜಿನ ಕಾರ್ಖಾನೆಯ ಕುಲುಮೆಯಲ್ಲಿ. ಗಾಜಿನ ಕಚ್ಚಾವಸ್ತುಗಳಾದ ಸಿಲಿಕಾ ಮರಳು, ಸೋಡಾ ಆ್ಯಶ್, ಸುಣ್ಣಕಲ್ಲು, ಡಾಲೊಮೈಟ್ ಕರಗಲು ಸುಮಾರು 1,500 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಒಮ್ಮೆ ಹೊತ್ತಿಸಿದ ಕುಲುಮೆಯನ್ನು ಹತ್ತು–ಹದಿನೈದು ವರ್ಷ ಆರಿಸುವಂತಿಲ್ಲ. ಬೇಡಿಕೆ ಕುಸಿದ ದಿನವೂ ಇಂಧನ ಉರಿಯಲೇಬೇಕು. ಅದರ ಮೇಲೆ ತಮಿಳುನಾಡಿನ ಶ್ರೀಪೆರಂಬದೂರಿನಿಂದಲೋ ಗುಜರಾತಿನ ಝಗಡಿಯಾದಿಂದಲೋ ಬೆಳಗಾವಿಗೆ ಬರುವ ಲಾರಿ ಬಾಡಿಗೆ, ದಾರಿಯಲ್ಲಿ ಒಡೆದ ಹಾಳೆಗಳ ನಷ್ಟ.

ದರ ಏರಿದಾಗಲೆಲ್ಲ 5 ಮಿ.ಮೀ. ದಪ್ಪದ ಗಾಜು ಎಂದು ಹೇಳಿ 4 ಮಿ.ಮೀ. ಕೂಡಿಸುವ ಮೋಸ ಹೆಚ್ಚುತ್ತದೆ. ಇದು ನಾಚಿಕೆಗೇಡು. 4x6 ಅಡಿಯ 5 ಮಿ.ಮೀ. ಹಾಳೆ ಸುಮಾರು 28 ಕೆ.ಜಿ. ತೂಗಬೇಕು, 4 ಮಿ.ಮೀ. ಆದರೆ 22. ಚೌಕಟ್ಟಿನೊಳಗೆ ಹೋದ ಮೇಲೆ ಗೊತ್ತಾಗುವುದಿಲ್ಲ. ಮೊದಲೇ ಅಂಚಿಗೆ ವರ್ನಿಯರ್ (ದಪ್ಪ ಅಳೆಯುವ ಉಪಕರಣ) ಹಿಡಿದು ನೋಡಿ. ಕಾಯಿಸಿ, ತಟ್ಟನೆ ತಣಿಸಿ ಗಟ್ಟಿಗೊಳಿಸುವ ಟಫನ್ಡ್ ಗಾಜಿಗೆ ಅಳತೆ, ತೂತು, ಅಂಚು ಉಜ್ಜುವುದು ಎಲ್ಲ ಕಾಯಿಸುವ ಮುಂಚೆಯೇ ಮುಗಿಯಬೇಕು. ಆಮೇಲೆ ಕತ್ತರಿಸಲು ಹೋದರೆ ಇಡೀ ಹಾಳೆ ಪುಡಿಪುಡಿ.

ಕುಲುಮೆಯ ಇಂಧನ ಉಳಿಸುವ ದಾರಿಯೂ ಇದೆ. ಅದಕ್ಕೆ ಶೇ 10ರಷ್ಟು ಹಳೆ ಗಾಜಿನ ಚೂರು ಬೆರೆಸಿದರೆ ಇಂಧನ ಶೇ 2.5ರಿಂದ 3ರಷ್ಟು ಉಳಿಯುತ್ತದೆ. ಆದರೆ ಚೂರು ಶುದ್ಧವಿರಬೇಕು. ಪಿಂಗಾಣಿ, ಕಲ್ಲು ಸೇರಿದರೆ ಅವು ಕರಗದೆ ಹೊಸ ಹಾಳೆಯಲ್ಲಿ ಗಂಟಾಗಿ ಉಳಿದು, ಅಲ್ಲಿಂದಲೇ ಬಿರುಕು ಬಿಡುತ್ತದೆ. ಕನ್ನಡಿ, ನಡುವೆ ಪ್ಲಾಸ್ಟಿಕ್ ಪದರ ಇರುವ ಲ್ಯಾಮಿನೇಟೆಡ್ ಗಾಜನ್ನೂ ಬೇರೆ ಇಡಬೇಕು. ಪಾಲಿಕೆಯವರು ಕೈಗಾರಿಕಾ ಪ್ರದೇಶವಾದ ಉದ್ಯಮಬಾಗದಲ್ಲಾದರೂ ಕಿಟಕಿ ಗಾಜಿನ ಚೂರಿಗೆ ಪ್ರತ್ಯೇಕ ತೊಟ್ಟಿ ಇಡಲಿ. ಕಸ ಹೆಕ್ಕುವ ಪೌರಕಾರ್ಮಿಕರ ಕೈ ಕೊಯ್ಯುವುದೂ ತಪ್ಪುತ್ತದೆ.

– ಗಾಜು ಕೆಲಸಗಾರರು, ಬೆಳಗಾವಿ