ಕೊಯ್ಯಲು ಒಪ್ಪದ ಡಾಕ್ಟರಿಗೂ, ಪ್ಲೇಟ್‌ಲೆಟ್ ಕೊಟ್ಟ ಹುಡುಗರಿಗೂ

ಮಂಡ್ಯದ ಬಂಧುಗಳೇ, ಸ್ನೇಹಿತರೇ,

ಕ್ಯಾನ್ಸರಿಗೆಂದು ನನಗೆ ಕಾಂಡಕೋಶದ (ರಕ್ತ ಹುಟ್ಟಿಸುವ ಮೂಲಕೋಶ) ಟ್ರಾನ್ಸ್‌ಪ್ಲಾಂಟ್ ಆಗಿ ವರ್ಷ ತುಂಬಿತು. ಮೊನ್ನೆಯ ಸ್ಕ್ಯಾನಿನಲ್ಲಿ ಕಾಯಿಲೆ ಎಲ್ಲೂ ಕಾಣಲಿಲ್ಲ. ಫೋನಿನಲ್ಲಿ ಹೇಳಹೋದರೆ ಗಂಟಲು ಕಟ್ಟುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲ ನಮಸ್ಕಾರ ಮೈಸೂರಿನ ಸರ್ಜನ್‌ಗೆ. ಕತ್ತಿನದು, ಕಂಕುಳಿನದು ಎಲ್ಲಾ ಗಂಟು ತೆಗೆಸಿಬಿಡೋಣ ಎಂದೇ ಹೋಗಿದ್ದೆವು. ಊರಲ್ಲೂ ಅದೇ ಮಾತು: "ಗಡ್ಡೆ ಕುಯ್ಸಿ ಬಿಸಾಕಿದ್ರೆ ಆಯ್ತಲ್ಲ!" ಅವರು ಕತ್ತಿನದೊಂದನ್ನು ಮಾತ್ರ ಇಡಿಯಾಗಿ ತೆಗೆದು ಬಯಾಪ್ಸಿಗೆ ಕಳಿಸಿದರು. ಫಾಲಿಕ್ಯುಲರ್ ಲಿಂಫೋಮಾ, ಅಂದರೆ ದುಗ್ಧಗ್ರಂಥಿಗಳಲ್ಲಿ ಹಬ್ಬುವ ಒಂದು ಬಗೆಯ ರಕ್ತದ ಕ್ಯಾನ್ಸರ್, ಎಂದು ಬಂತು. "ಯಜಮಾನ್ರೇ, ಇದು ಗರಿಕೆ ಇದ್ದ ಹಾಗೆ. ಇಲ್ಲಿ ಕುಯ್ದರೆ ಅಲ್ಲಿ ಚಿಗುರುತ್ತೆ. ನನ್ನ ಕೆಲಸ ಇಷ್ಟಕ್ಕೆ ಮುಗೀತು" ಎಂದರು. ಗುಲ್ಮದಲ್ಲಿ (ಸ್ಪ್ಲೀನ್) ಹುಟ್ಟುವ ಒಂದು ಬಗೆಯ ಲಿಂಫೋಮಾಕ್ಕೆ ಗುಲ್ಮವನ್ನೇ ತೆಗೆಯುವುದೂ ಉಂಟಂತೆ. ನನ್ನದು ಆ ಜಾತಿಯಲ್ಲ. ದುಡ್ಡು ಕೊಡ್ತೀವಿ ಅಂದರೂ ಕೊಯ್ಯದ ಡಾಕ್ಟರು ಸಿಗಬೇಕಾದರೆ ಪುಣ್ಯ ಮಾಡಿರಬೇಕು.

"ಇದು ನಿಧಾನದ ಕಾಯಿಲೆ, ತೊಂದರೆ ಕೊಡೋವರೆಗೂ ಔಷಧಿ ಬೇಡ, ನೋಡ್ತಾ ಇರೋಣ" ಎಂದ ಕ್ಯಾನ್ಸರ್ ಡಾಕ್ಟರ ಮೇಲೆ ನಮ್ಮವ್ವ ರೇಗಿದ್ದಳು. ಈಗ ಅವರ ಹೆಸರಲ್ಲಿ ಅರ್ಚನೆ ಮಾಡಿಸುತ್ತಾಳೆ. ಆಮೇಲೆ ಕೀಮೋ, ಕ್ಯಾನ್ಸರ್ ಕೋಶಗಳನ್ನು ಗುರಿಮಾಡುವ ರಿಟುಕ್ಸಿಮ್ಯಾಬ್ ಔಷಧಿ ಎಲ್ಲಾ ಆಯಿತು. ಎರಡು ವರ್ಷದೊಳಗೇ ಕಾಯಿಲೆ ಮರಳಿದ್ದಕ್ಕೆ ಟ್ರಾನ್ಸ್‌ಪ್ಲಾಂಟ್ ಮಾತು ಬಂತು.

ತಮ್ಮ ಅವತ್ತೇ ತೋಳು ಮಡಚಿ ನಿಂತ, "ನಂದು ತಗಳ್ಳಿ" ಎಂದು. ಒಡಹುಟ್ಟಿದವರಲ್ಲೂ ಕೋಶ ಪೂರ್ತಿ ಹೊಂದುವ ಸಾಧ್ಯತೆ ಶೇ. 25 ಅಷ್ಟೇ, ಹೊಂದಿದರೂ ಬೇರೆಯವರ ಕೋಶಗಳು ನಮ್ಮ ಮೈಮೇಲೇ ತಿರುಗಿಬೀಳುವ ಅಪಾಯವಿದೆ. ಹಾಗಾಗಿ ನನ್ನದೇ ಕಾಂಡಕೋಶ ತೆಗೆದಿಟ್ಟರು. ತಮ್ಮ ನನ್ನ ಪಾಲಿನ ಆಲೆಮನೆ ನಡೆಸಿದ, ಕಬ್ಬಿನ ಲೆಕ್ಕವನ್ನೂ ಪೈಸೆ ಬಿಡದೆ ಬರೆದಿಟ್ಟ.

ಟ್ರಾನ್ಸ್‌ಪ್ಲಾಂಟ್ ಎಂದರೆ ದೊಡ್ಡ ಆಪರೇಷನ್ ಎಂದುಕೊಂಡಿದ್ದೆ. ಥಿಯೇಟರೂ ಇಲ್ಲ, ಹೊಲಿಗೆಯೂ ಇಲ್ಲ. ಮೊದಲು ಮಜ್ಜೆಯನ್ನೇ ಬರಿದು ಮಾಡುವಂಥ ಕೀಮೋ. ಬಾಯಿ ಹುಣ್ಣಾಗದಿರಲೆಂದು ಮೆಲ್ಫಲಾನ್ ಎಂಬ ಕೀಮೋ ಔಷಧಿ ಹೋಗುವಷ್ಟು ಹೊತ್ತೂ ಐಸ್ ಚೂರು ಚೀಪಿಸಿದರು. ಆಮೇಲೆ ಹೆಪ್ಪುಗಟ್ಟಿಸಿಟ್ಟಿದ್ದ ನನ್ನ ಕಾಂಡಕೋಶದ ಚೀಲವನ್ನು ಬೆಚ್ಚಗಿನ ನೀರಲ್ಲಿ ಕರಗಿಸಿ, ರಕ್ತ ಏರಿಸುವ ಹಾಗೇ ಏರಿಸಿದರು. ಕೋಶ ಕೆಡದಂತೆ ಬೆರೆಸಿದ್ದ ದ್ರಾವಣಕ್ಕೆ ನನ್ನ ಉಸಿರೆಲ್ಲ ಬೆಳ್ಳುಳ್ಳಿ ವಾಸನೆ. ನನ್ನ ಹೆಂಡತಿ ಮಾಸ್ಕಿನೊಳಗೇ ಮೂಗು ಮುಚ್ಚಿಕೊಂಡಳು, ಕೇರಳದ ಸಿಸ್ಟರ್ ನಕ್ಕು ನನ್ನ ಕೈಗೆ ನಿಂಬೆಹುಳಿ ಪೆಪ್ಪರ್‌ಮಿಂಟ್ ಇಟ್ಟರು. ಆ ಸಿಸ್ಟರಮ್ಮನಿಗೆ ಏನೆಂದು ಹೇಳಲಿ! ಬಿಳಿ ರಕ್ತಕಣ ಸೊನ್ನೆಗೆ ಬಂದಿದ್ದ ರಾತ್ರಿಗಳಲ್ಲಿ ಜ್ವರ ನೋಡಲು ಅವರು ಬಾಗಿಲು ತಳ್ಳಿದರೆ ಸಾಕು, ಧೈರ್ಯ ಬರುತ್ತಿತ್ತು. ಸೋಂಕು ತಡೆಯುವ ಬಿಳಿ ಕಣ ನ್ಯೂಟ್ರೋಫಿಲ್ 500 ದಾಟಿ, ಮಜ್ಜೆ ಮತ್ತೆ ಕೆಲಸ ಶುರು ಮಾಡಿತೆಂದು ತಿಳಿದ ಬೆಳಿಗ್ಗೆ ನನಗಿಂತ ಮೊದಲು ಕುಣಿದವರೂ ಅವರೇ.

ಮಜ್ಜೆ ಬರಿದಾದಾಗ ರಕ್ತ ಹೆಪ್ಪುಗಟ್ಟಿಸುವ ಕಣ ಪ್ಲೇಟ್‌ಲೆಟ್ಟೂ ಇಳಿದು, ಬೇರೆಯವರಿಂದ ಪಡೆಯಬೇಕಾಯಿತು. ಅದನ್ನು ಐದು ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳಲು ಬರುವುದಿಲ್ಲ, ಬೇಕಾದಾಗ ಮನುಷ್ಯನೇ ಬರಬೇಕು. ಪಾಂಡವಪುರ, ಮದ್ದೂರು, ನಾಗಮಂಗಲದಿಂದ ಹುಡುಗರು ರಜೆ ಹಾಕಿ ಬೆಂಗಳೂರಿಗೆ ಬಂದು, ಗಂಟೆಗಟ್ಟಲೆ ಮೆಷಿನ್ ಪಕ್ಕ ಮಲಗಿ ಕೊಟ್ಟು ಹೋದಿರಿ. ಕೆಲವರ ಮುಖವನ್ನೇ ನಾನು ನೋಡಿಲ್ಲ. ನಿಮ್ಮ ಋಣ ತೀರಿಸುವ ಮಾತು ಆಡುವುದಿಲ್ಲ.

ಬಾಲ್ಯದಲ್ಲಿ ಹಾಕಿಸಿದ ಲಸಿಕೆಗಳ ಬಲವೂ ಕೀಮೋದಲ್ಲಿ ಕೊಚ್ಚಿಹೋಗಿದೆಯಂತೆ, ಹೊಸದಾಗಿ ಹಾಕಿಸುತ್ತಿದ್ದಾರೆ. ಸೂಜಿ ಕಂಡರೆ ಮೊಮ್ಮಗಳಿಗಿಂತ ನಾನೇ ಜಾಸ್ತಿ ಮುಖ ಕಿವುಚುತ್ತೇನೆ. ಜಾತ್ರೆ, ಮದುವೆ ಅಂತ ಕರೆಯುತ್ತಿರುವವರು ಇನ್ನೂ ಸ್ವಲ್ಪ ದಿನ ಬೇಜಾರು ಮಾಡಿಕೊಳ್ಳಬೇಡಿ. ಪ್ಲೇಟ್‌ಲೆಟ್ ಕೊಟ್ಟ ಹುಡುಗರು ಮಾತ್ರ ಒಬ್ಬೊಬ್ಬರಾಗಿ ಆಲೆಮನೆ ಕಡೆ ಬನ್ನಿ, ಅಚ್ಚು ಬೆಲ್ಲ ಕಟ್ಟಿಸಿಟ್ಟಿದ್ದೇನೆ. ನೆಗಡಿ ಇದ್ದವರು ವಾಸಿ ಮಾಡಿಕೊಂಡು ಬನ್ನಿ.