ಕುರ್ಚಿ ಖಾಲಿಯಾಗುವ ದಿನ ಮೊದಲೇ ಗೊತ್ತಿರುತ್ತದೆ ಅಲ್ವಾ?

ಮಾನ್ಯರೇ,

ಕಂದಾಯ ಇಲಾಖೆಯಲ್ಲಿ 34 ವರ್ಷ ದುಡಿದು ನಿವೃತ್ತನಾದವನು ನಾನು. ಕೊನೆಯ ದಿನ ಮೇ 31. ಶಾಲೆಗೆ ಸೇರಿಸುವಾಗ ನಮ್ಮ ಕಡೆಯ ಮಾಸ್ತರರು ಎಷ್ಟೋ ಮಕ್ಕಳಿಗೆ ಜೂನ್ 1 ಅಂತಲೇ ಹುಟ್ಟಿದ ತಾರೀಖು ಬರೆದರು. ಒಂದನೇ ತಾರೀಖು ಹುಟ್ಟಿದವರಿಗೆ ಹಿಂದಿನ ತಿಂಗಳ ಕೊನೆಯ ದಿನವೇ ನಿವೃತ್ತಿ. ಹಾಗಾಗಿ ಮೇ 31 ಬಂತೆಂದರೆ ಕಚೇರಿಗಳಲ್ಲಿ ಎರಡು ಮೂರು ಕುರ್ಚಿ ಒಟ್ಟಿಗೆ ಖಾಲಿ.

ನೌಕರನಿಗೆ 60 ತುಂಬುವುದು ಯಾವಾಗ ಎಂದು ಸೇವಾ ಪುಸ್ತಕ ನೋಡಿದರೆ ಸಾಕು, ಮೊದಲ ದಿನವೇ ತಿಳಿಯುತ್ತದೆ. ಆದರೂ ಮುಂದೆ ಯಾರು ಎಂಬ ಮಾತು ಏಳುವುದು ಬೀಳ್ಕೊಡುಗೆಯ ದಿನ.

ನಾನು ಚಾರ್ಜ್ ಕೊಟ್ಟಿದ್ದು ಸಂಜೆ ನಾಲ್ಕೂವರೆಗೆ. ಕೊರಳಲ್ಲಿ ಹಾರ ಇನ್ನೂ ಇತ್ತು. ಬೇರೆ ಶಾಖೆಯ ಹುಡುಗಿಗೆ ಹೆಚ್ಚುವರಿ ಪ್ರಭಾರ. ಪಟ್ಟಿಯಲ್ಲಿ ಬೀರು, ಕೀಲಿಕೈ, ಕಡತಗಳ ಲೆಕ್ಕ ಇತ್ತು. ಯಾವ ಊರಿನ 1954-55ರ ಖಾಸ್ರಾ ಪಹಣಿ (ಆಗಿನ ಜಮೀನು ದಾಖಲೆ) ಯಾವ ಕೆಂಪು ಗಂಟಿನಲ್ಲಿದೆ ಎಂಬುದು ಇರಲಿಲ್ಲ. ನಿಜಾಮರ ಕಾಲದ ಉರ್ದು ಕಾಗದ ಓದುವುದನ್ನು ನನಗೆ ಹಿರಿಯರೊಬ್ಬರು ಪಕ್ಕದಲ್ಲಿ ಕೂರಿಸಿಕೊಂಡು ತಿಂಗಳುಗಟ್ಟಲೆ ಕಲಿಸಿದ್ದರು. ಉರ್ದುವಿನಲ್ಲಿ ಸೊನ್ನೆ ಅಂದರೆ ಬರೀ ಒಂದು ಚುಕ್ಕೆ. ಅದು ಕಣ್ಣಿಗೆ ಬೀಳದಿದ್ದರೆ ಸರ್ವೆ ನಂಬರ್ 130 ಹೋಗಿ 13 ಆಗುತ್ತದೆ. ಇದನ್ನೆಲ್ಲ ಅರ್ಧ ಗಂಟೆಯಲ್ಲಿ ಹೇಗೆ ಹೇಳಿಕೊಡಲಿ?

ಎರಡು ತಿಂಗಳಾದ ಮೇಲೆ ಆ ಹುಡುಗಿಯ ಫೋನ್ ಬಂತು. "ಸರ್, ಆ ಊರಿನ ಗಂಟು ಎಲ್ಲಿ ಅದ್ರಿ?" ಪಹಣಿಯ ನಕಲು ಪ್ರತಿಗಾಗಿ ರೈತರೊಬ್ಬರು ಐದು ಸಲ ಬಸ್ ಹತ್ತಿ ಬಂದು ಸುಮ್ನೆ ವಾಪಸ್ ಹೋಗಿದ್ದರಂತೆ. ನಾನೇ ಹೋಗಿ ಹತ್ತು ನಿಮಿಷದಲ್ಲಿ ತೆಗೆದುಕೊಟ್ಟೆ. ಸಂತೋಷಕ್ಕಿಂತ ಸಂಕಟವೇ ಜಾಸ್ತಿ ಆಯಿತು. ಆ ಹುಡುಗಿಯದು ಏನೂ ತಪ್ಪಿಲ್ಲ. ಸಂವಿಧಾನದ 371ಜೆ ವಿಧಿಯಿಂದ ಕಲ್ಯಾಣ ಕರ್ನಾಟಕದವರಿಗೆ ನೌಕರಿ ಮೀಸಲಾತಿ ಬಂದ ಮೇಲೆ ನಮ್ಮ ಭಾಗದ ಇಂಥ ಚುರುಕು ಮಕ್ಕಳು ಕೆಲಸಕ್ಕೆ ಸೇರಿದ್ದಾರೆ. ಕಲಿಸುವವರನ್ನು ಮಾತ್ರ ನಾವು ಕಳಿಸಿಬಿಡುತ್ತಿದ್ದೇವೆ.

ಮೇಲಿನ ಹುದ್ದೆಗಳಲ್ಲೂ ಇದೇ ಕಥೆ. ಬಡ್ತಿ ಸಮಿತಿ ಸಭೆ ತಡವಾಗುತ್ತದೆ, ಪ್ರಭಾರ ಸಾಹೇಬರು ದೊಡ್ಡ ಕಡತಕ್ಕೆ ಸಹಿ ಹಾಕಲು ಹಿಂಜರಿಯುತ್ತಾರೆ.

ಮುಂದೆ ಬರುವವರನ್ನು ಮೊದಲೇ ಕೂರಿಸಿ ಎಂದರೆ, ಒಂದು ಹುದ್ದೆಗೆ ಇಬ್ಬರ ಸಂಬಳ ಆಗದು ಅಂತಾರೆ. ಒಪ್ಪೋಣ. ಆದರೆ ಅದೇ ಕಚೇರಿಯ ಒಬ್ಬರನ್ನು ದಿನಕ್ಕೆ ಎರಡು ತಾಸು ಹೋಗುವವರ ಪಕ್ಕ ಕೂರಿಸಲು ಯಾವ ಸಂಬಳ ಬೇಕು? ಜನವರಿಯಲ್ಲೇ ಆ ವರ್ಷ ನಿವೃತ್ತರಾಗುವವರ ಪಟ್ಟಿ ಮಾಡಿ ಬಡ್ತಿ ಸಭೆ ಮುಗಿಸಲಿ.

ಮುಂದಿನ ಮೇ 31ಕ್ಕೆ ನನ್ನ ಹಳೇ ಕಚೇರಿಯಿಂದ ಇನ್ನಿಬ್ಬರು ಹೊರಡುತ್ತಾರೆ. ಅವರ ಪಕ್ಕದಲ್ಲಿ ಇವತ್ತಿಗೂ ಯಾರೂ ಕೂತಿಲ್ಲ.

— ನಿವೃತ್ತ ಪ್ರಥಮ ದರ್ಜೆ ಸಹಾಯಕ, ಶಹಾಪುರ, ಯಾದಗಿರಿ ಜಿಲ್ಲೆ